ತಮ್ಮನ ಶೋಕಿ ಟೈರು

ನವೆಂಬರ್ ೨೧, ಶುಕ್ರವಾರ

ಕೈ ತೊಳೆದರೂ ರಬ್ಬರಿನ ವಾಸನೆ ಹೋಗಿಲ್ಲ, ಸಿಟ್ಟೂ ಇಳಿದಿಲ್ಲ. ಕಾರಿನ ಅಗಲ ರಿಮ್ಮಿಗೆ ಕಿರಿದಾದ ಟೈರನ್ನು ಎಳೆದು ಕೂರಿಸಬೇಡ, ತಿರುವಿನಲ್ಲಿ ಅಂಚು ಕಳಚಿಕೊಳ್ಳುತ್ತದೆ ಎಂದು ತಮ್ಮನಿಗೆ ತಿಂಗಳಿಡೀ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನನ್ನ ಟೈರು ಅಂಗಡಿಯಲ್ಲಿ ಹಾಕಿಕೊಡಲಿಲ್ಲ ಎಂದು ಬೇರೆ ಕಡೆ ಹಾಕಿಸಿಕೊಂಡು ಬಂದಿದ್ದಾನೆ. ಅಲ್ಲಿ ಟೈರಿನೊಳಗೆ ಪೆಟ್ರೋಲ್ ಸುರಿದು, ಬೆಂಕಿ ಕೊಟ್ಟು, ಢಮ್ಮೆನ್ನಿಸಿ ಕೂರಿಸಿದರಂತೆ. ಅದನ್ನೂ ಹೆಮ್ಮೆಯಿಂದ ಹೇಳುತ್ತಾನೆ.

"ನೋಡಕ್ಕ, ಎಷ್ಟು ಬಿಗಿಯಾಗಿದೆ. ಗಾಳಿ ಚೆಕ್ ಮಾಡೋದೇ ಬೇಡ."

ಗೇಜ್ ಇಟ್ಟು ನೋಡಿದೆ. ಇರಬೇಕಾದ್ದರ ಅರ್ಧದಷ್ಟೂ ಗಾಳಿ ಇರಲಿಲ್ಲ. ಮಾಮೂಲಿ ಟೈರು ಗಾಳಿ ಇಳಿದರೆ ಕೆಳಗೆ ಉಬ್ಬುತ್ತದೆ; ಎಳೆದು ಕೂರಿಸಿದ್ದು ಬಿಗಿಯಾಗಿಯೇ ಕಾಣುತ್ತದೆ. ಅಷ್ಟೂ ಗೊತ್ತಿಲ್ಲ ಈ ಮಹಾರಾಯನಿಗೆ. ಅದೇ ಕಾರಿನಲ್ಲಿ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ಬಂದಿದ್ದಾನೆ.

"ಏನೂ ಆಗ್ಲಿಲ್ವಲ್ಲ" ಅಂದ.

ಅಮ್ಮನೂ ಅವನ ಪರವೇ. "ಹೋಗ್ಲಿ ಬಿಡೆ, ನೋಡೋಕೆ ಚೆನ್ನಾಗಿದೆ." ನಾಳೆ ಬೆಳಗ್ಗೆ ಅದರಲ್ಲೇ ವಾಪಸ್ ಹೊರಡುತ್ತಾರಂತೆ.

ಹೊರಡಲಿ, ನೋಡೋಣ. ನಾಲ್ಕೂ ಚಕ್ರದ ಗಾಳಿ ಬಿಟ್ಟು ಬಂದಿದ್ದೇನೆ. ಗಾಳಿ ಹಿಡಿದಿಡುವ ವಾಲ್ವ್ ಪಿನ್ನುಗಳು ನನ್ನ ದಿಂಬಿನ ಕೆಳಗಿವೆ.