ಅವ್ವನ ಗಡಿಯಾರಕ್ಕ ಜಿನ್ನಿನ ಎಣ್ಣಿ

ಕೊಟ್ರಮ್ಮನ ಅಪ್ಪಗ,

ನಮ್ಮವ್ವನ ಕೊರಳ ಗಡಿಯಾರ ತಗೊಂಡು ಗುಂತಕಲ್ಲಿಗೆ ಹೊಂಟೀನಿ, ರಿಪೇರಿ ಮಾಡಿಸಾಕ. ಸಂಜಿ ರೈಲಿಗೆ ಬರ್ತೀನಿ.

ಅದನ್ನ ಕೊಳ್ಳಾಕ ಮದ್ರಾಸಿನ ಸೇಟು ಮಧ್ಯಾಹ್ನ ಬರ್ತಾನ. ರೊಟ್ಟಿ ಬುಟ್ಟಿಯಾಗ ಅದಾವು, ಉಣ್ಣಾಕ ಹಾಕ್ರಿ. ನಾ ಬರೋತನ ಹೋಗಾಕ ಬಿಡಬ್ಯಾಡ್ರಿ. ಮಾರಂಗಿಲ್ಲ ಅಂತ ಮಾತ್ರ ಹೇಳಬ್ಯಾಡ್ರಿ.

ವಜ್ರ ಹೊಳೀತಾವು, ನೀಲಿ ಮೀನಾ ಬಣ್ಣ ಮಾಸಿಲ್ಲ, ಮುಳ್ಳು ಮಾತ್ರ ನಿಂತಾವು. ಒಳಗ ನೋಡಿದ್ರ ಹತ್ತಿ ಜಿನ್ನಿನ ಮಿಷನ್ನಿಗೆ ಹಾಕೋ ಮಂದ ಎಣ್ಣಿ! ಗೊತ್ತಾಗದ ಹಾಕಿದೆ ಅಂದ್ರಿ. ಇಪ್ಪತ್ತು ವರ್ಷ ಮಿಷನ್ ಬಿಚ್ಚಿ ಜೋಡಿಸಿದವ್ರಿಗೆ ಅಷ್ಟೂ ತಿಳೀಲಿಲ್ಲೇನು? ನಾ ಅತ್ತಿದ್ದು ನೋಡಿ, ಮಾರೋದು ತಪ್ಪಲಿ ಅಂತ ಹಾಕೀರಿ.

ಅತ್ತದ್ದಾತು. ಮಗಳು ಕರ್ನೂಲಿಗೆ ಓದಾಕ ಹೋಗಬೇಕು. ಮಾರೋದು ಮಾರೋದೇ.

ಎಣ್ಣಿ ಡಬ್ಬಿ ಹುಡುಕಬ್ಯಾಡ್ರಿ. ಅದೂ ನನ್ನ ಚೀಲದಾಗೇ ಐತಿ.