ಮೌಲಾಲಿ ಹೇಳಿದ ಕೋಲು

ಕುಡಚಿ
ಸೋಮವಾರ, ೧೩ ಜನವರಿ ೨೦೨೫

ಪ್ರೀತಿಯ ತಮ್ಮಾ ಸಾದಿಕ,

ಅಸ್ಸಲಾಮು ಅಲೈಕುಂ. ಸೊಂಟದ ನೋವು ಹೇಗಿದೆ? ದೋಣಿಯ ಇಂಜಿನ್ನು ಒಬ್ಬನೇ ಎತ್ತಬೇಡ ಎಂದರೆ ನೀನು ಕೇಳುವವನಲ್ಲ. ಅಲ್ಫಿಯಾಳ ಕೆಮ್ಮು ನಿಂತಿತೇ? ರತ್ನಾಗಿರಿಯ ಮೀನಿನ ರುಚಿ ಹತ್ತಿ ಮಗಳು ನಮ್ಮ ರೊಟ್ಟಿ ಮರೆತಿರಬೇಕು. ಇಲ್ಲಿ ಎಲ್ಲ ಕ್ಷೇಮ. ಫೋನಿನಲ್ಲಿ ಅಬ್ಬಾನ ಹೆಸರೆತ್ತಿದರೆ ನೀನು ‘ಹೂಂ’ ಎಂದು ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಪೂರ್ತಿ ಓದು.

ಮೊನ್ನೆ ಪುಣೆಯಿಂದ ಉಜ್ವಲಾ ಎಂಬುವರು ಮನೆ ಹುಡುಕಿಕೊಂಡು ಬಂದರು. ಯಾರು ಗೊತ್ತೇ? ಅಬ್ಬಾ ಯಾರ ಗಾಲ್ಫ್ ಚೀಲ ಹೊತ್ತು ಕೋಲು ಎತ್ತಿಕೊಡುತ್ತಿದ್ದರಲ್ಲ, ನಿಪ್ಪಾಣಿಯ ರಾಜಾರಾಮ ಸಾಹೇಬರು, ಅವರ ಮಗಳು! ನಿಂತುಹೋದ ದಖ್ಖನ್ ಕಪ್ ಗಾಲ್ಫ್ ಪಂದ್ಯಾವಳಿಯ ಇತಿಹಾಸ ಬರೆಯುತ್ತಿದ್ದಾರೆ. ಸಾಹೇಬರ ಹೆಸರು ಕೇಳಿದ್ದೇ ಅಬ್ಬಾನ ಮುಖ ಬಿಳಿಚಿತು. ಏಕೆಂದು ನಿನಗೆ ನಾನು ಹೇಳಬೇಕೇ? ‘ಎಂಬತ್ತೆಂಟರಾಗ ನಾ ಹೇಳಿದ ಕೋಲಿನಿಂದನ ಸಾಹೇಬರು ಕಪ್ ಗೆದ್ದಾರ’ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ಅವರು. ಎರಡು ವರ್ಷದ ಹಿಂದೆ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಮೊಬೈಲು ಹಿಡಿದು ‘ಅಬ್ಬಾ, ಅವರು ಗೆದ್ದೇ ಇಲ್ಲ’ ಎಂದು ಎಲ್ಲರೆದುರು ಓದಿದವನು ನೀನು. ಅಂದಿನಿಂದ ಅಬ್ಬಾ ಆ ಅಂಗಡಿಯ ಮೆಟ್ಟಿಲು ಹತ್ತಿಲ್ಲ, ನಿನ್ನೊಡನೆ ಮಾತೂ ಇಲ್ಲ.

ಉಜ್ವಲಾ ತಂದ ಹಳೆಯ ಫೋಟೋಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಕೂತೆವು. ಹದಿಮೂರು ವರ್ಷ ನಡೆದ ಕಪ್ಪಂತೆ. ಪಂಪು ತಯಾರಿಸುವ ಕಂಪನಿಯೊಂದು ೧೯೮೧ರಲ್ಲಿ ಶುರು ಮಾಡಿತು. ಮೊದಲ ವರ್ಷ ಎಮ್ಮೆಯೊಂದು ಚೆಂಡನ್ನು ತುಳಿದು ಹೂತುಹಾಕಿ, ಅದು ಯಾರ ಹೊಡೆತ ಎಂದು ಅರ್ಧ ತಾಸು ಜಗಳವಾಯಿತಂತೆ! ನಾನು ನಕ್ಕು ನಕ್ಕು ಚಹಾ ಚೆಲ್ಲಿದೆ. ಆಮೇಲೆ ಕಲ್ಕತ್ತಾ, ದಿಲ್ಲಿಯಿಂದಲೂ ವೃತ್ತಿಪರ ಆಟಗಾರರು ಬರತೊಡಗಿದರು. ೧೯೯೩ರಲ್ಲಿ ಕಂಪನಿ ಮುಚ್ಚಿತು, ಕಪ್ಪೂ ನಿಂತಿತು.

ಎಂಬತ್ತೆಂಟರ ಫೋಟೋ ಬಂದಾಗ ಅಬ್ಬಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ‘ಉಜ್ವಲಾಬಾಯಿ, ನಾ ಸುಳ್ಳ ಹೇಳ್ಕೋತ ಬಂದೀನ್ರಿ. ಕೊನೀ ಗುಂಡಿಗೆ ಏಳನೇ ನಂಬರಿನ ಕೋಲು ಬೇಕಿತ್ತು. ಗಾಳಿ ಎದುರಿತ್ತು, ನನಗ ತಿಳೀಲಿಲ್ಲ. ಚೆಂಡು ಇನ್ನೂ ಹತ್ರಕ್ಕ ಬೀಳಸೋ ಎಂಟು ಕೊಟ್ಟೆ. ಚೆಂಡು ಅರ್ಧಕ್ಕ ಬಿದ್ದು ಕೆರಿ ಸೇರಿತು. ಒಂದೇ ಹೊಡೆತದಾಗ ಸಾಹೇಬರು ಸೋತ್ರು. ಸೋಲಿಸಿದಾಂವ ನಾ’ ಎಂದರು. ಒಂದು ಮಾತೂ ಬೈಯದ ಆ ಮನುಷ್ಯನನ್ನು ಸೋತವನೆಂದು ಹೇಳಲು ನಾಲಿಗೆ ಬರಲಿಲ್ಲವಂತೆ. ಅದಕ್ಕೇ ಊರಿಗೆ ಬಂದು ಗೆಲ್ಲಿಸಿಬಿಟ್ಟರಂತೆ.

ಉಜ್ವಲಾ ಕಣ್ಣರಳಿಸಿ ನೋಡಿದರು. ‘ಅಲ್ರೀ ಕಾಕಾ, ನಮ್ಮ ಬಾಬಾ ಮನ್ಯಾಗ ಬ್ಯಾರೆನ ಹೇಳ್ತಾರ. ಮೌಲಾಲಿ ಏಳು ಅಂದಿದ್ದ, ನಾನ ಹಟ ಮಾಡಿ ಎಂಟು ತಗೊಂಡೆ, ಅವನ ಮಾತು ಕೇಳಿದ್ರ ಗೆಲ್ತಿದ್ದೆ ಅಂತಾರ!’

ಸಾದಿಕ, ಮೂವತ್ತಾರು ವರ್ಷ! ಒಬ್ಬರು ಇಲ್ಲಿ ಕೂತು ಅವರನ್ನು ಗೆಲ್ಲಿಸಿದ್ದಾರೆ, ಇನ್ನೊಬ್ಬರು ಅಲ್ಲಿ ಕೂತು ಇವರ ತಪ್ಪನ್ನು ತಮ್ಮ ಮೈಮೇಲೆ ಹಾಕಿಕೊಂಡಿದ್ದಾರೆ. ಉಜ್ವಲಾ ಅಲ್ಲೇ ತಮ್ಮ ಬಾಬಾಗೆ ಫೋನು ಹಚ್ಚಿಕೊಟ್ಟರು. ‘ತಪ್ಪು ನಂದ್ರಿ ಸಾಹೇಬ್ರ!’ ಎಂದು ಅಬ್ಬಾ. ‘ಗಪ್ಪ ಕೂಡ್ರೋ ಮೌಲಾಲಿ, ಕೋಲು ಬೀಸಿದಾಂವ ನಾ’ ಎಂದು ಆ ಕಡೆಯಿಂದ. ಜಗಳ ಅಂದರೆ ಜಗಳ! ಕೊನೆಗೆ ಇಬ್ಬರೂ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ. ನಿನ್ನೆ ಅಬ್ಬಾ ತಾವಾಗಿಯೇ ಚಹಾದಂಗಡಿಗೆ ಹೋಗಿ, ಸೋತ ಕಥೆಯನ್ನೇ ಹೇಳಿ ಬಂದರು. ಗೆದ್ದ ಕಥೆಗಿಂತ ಇದೇ ಚಲೋ ಐತಿ ಎಂದು ಸತ್ತೆಪ್ಪಮಾಮಾ ಇನ್ನೊಮ್ಮೆ ಹೇಳಿಸಿದರಂತೆ.

ಅಲ್ಫಿಯಾಳಿಗೆ ನನ್ನ ಮುದ್ದು. ಅಲ್ಲಾಹ್ ನಿಮ್ಮನ್ನೆಲ್ಲ ಸುಖವಾಗಿಡಲಿ.

ನಿನ್ನ ಆಪಾ,
ಮೈಮುನಾ

ತಾ.ಕ.: ಅಂಚೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಫೆಬ್ರವರಿ ಎರಡಕ್ಕೆ ದಖ್ಖನ್ ಕಪ್ಪಿನ ಹಳಬರೆಲ್ಲ ಪುಣೆಯಲ್ಲಿ ಕೂಡುತ್ತಾರೆ. ಅಬ್ಬಾ ಎರಡು ರೈಲು ಟಿಕೀಟು ತೆಗೆಸಿದ್ದಾರೆ. ಇನ್ನೊಂದು ನನ್ನದೆಂದು ಹಿಗ್ಗಿ ಸೀರೆಯನ್ನೂ ಇಸ್ತ್ರಿಗೆ ಕೊಟ್ಟಿದ್ದೆ. ಈಗ ನೋಡುತ್ತೇನೆ, ಅದರಲ್ಲಿ ನಿನ್ನ ಹೆಸರಿದೆ.