ಮಂಚದ ಮೇಲಿನ ಮುನ್ನೂರು ನಕ್ಷತ್ರ

ಫೆಬ್ರವರಿ 3, ಸೋಮವಾರ

ಇವತ್ತು ನಲವತ್ತು ತೂತು. ಒಟ್ಟು ಇನ್ನೂರ ಹದಿನಾಲ್ಕು. ಹಾಲ್ ತುಂಬ ಪ್ಲೈವುಡ್. ರುದ್ರೇಶ್ ಪೀಣ್ಯದ ಫ್ಯಾಕ್ಟರಿಯಿಂದ ಬಂದವನೇ ಶೂ ಬಿಚ್ಚುವ ಮೊದಲೇ ಡ್ರಿಲ್ ಹಿಡಿಯುತ್ತಾನೆ. ನಾನು ತೂತಿಗೊಂದು ಬೆಳಕು ಸಾಗಿಸುವ ಫೈಬರ್ ಎಳೆ ಪೋಣಿಸಿ, ಗಮ್ ಹಾಕಿ, ತುದಿ ಕತ್ತರಿಸುತ್ತೇನೆ. ಎಲ್ಲ ಎಳೆಗಳೂ ಹಿಂದೆ ಒಂದೇ ಲೈಟ್ ಬಾಕ್ಸಿಗೆ; ಸ್ವಿಚ್ ಹಾಕಿದರೆ ಪ್ರತಿ ತುದಿಯೂ ಒಂದು ನಕ್ಷತ್ರ. ಕತ್ತು ಬಿದ್ದುಹೋಗಿದೆ... ಆದರೂ! ಮದುವೆಯಾಗಿ ಮೂರೇ ತಿಂಗಳು, ನಮ್ಮದೇ ಆಕಾಶ!

ಫೆಬ್ರವರಿ 9, ಭಾನುವಾರ

ಕಾರ್ಪೆಂಟರ್ ಪಾಪಯ್ಯ ಬಂದು ಮುನ್ನೂರು ತೂತಿನ ಬೋರ್ಡನ್ನು ನಮ್ಮ ಮಂಚದ ಮೇಲೆ, ಸೀಲಿಂಗಿಗೆ ಕೂರಿಸಿದರು. ಹಗಲಲ್ಲೇ ಕರ್ಟನ್ ಎಳೆದು ಸ್ವಿಚ್ ಹಾಕಿದೆ. ಕಿರುಚಿಬಿಟ್ಟೆ! ನಿಂತು ನೋಡಿದರೆ ಬರೀ ಚುಕ್ಕೆಗಳು. ಮಲಗಿ ನೋಡಿದರೆ ಆಕಾಶ. ಇಬ್ಬರೂ ಮಲಗಿದೆವು — ಮುಂದೆ ಬರೆಯುವುದಿಲ್ಲ.

ಫೆಬ್ರವರಿ 12, ಬುಧವಾರ

ರುದ್ರೇಶನ ದೊಡ್ಡಪ್ಪ ಚನ್ನವೀರಪ್ಪನವರು ಹಾವೇರಿಯಿಂದ ಸಂಸಾರ ಸಮೇತ ಬಂದಿದ್ದರು. ಟೀ ತರುವಷ್ಟರಲ್ಲಿ ಹಾಲ್ ಖಾಲಿ. ಎಲ್ಲರೂ ನಮ್ಮ ರೂಮಿನಲ್ಲಿ! ನಮ್ಮ ಹಾಸಿಗೆಯ ಮೇಲೆ! ಅತ್ತೆ ಕರ್ಟನ್ ಎಳೆಯುತ್ತಾ, “ಮಲಗ್ರಿ ಭಾವಾರ, ಕುಂತು ನೋಡಿದ್ರ ತಿಳಿಯಂಗಿಲ್ಲ” ಎನ್ನುತ್ತಿದ್ದರು. ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು ಅಡ್ಡಡ್ಡ ಸಾಲಾಗಿ. ದೊಡ್ಡಪ್ಪ ಗೊರಕೆ ಹೊಡೆದರು. ನನ್ನ ದಿಂಬಿನ ಮೇಲೆ!

ಫೆಬ್ರವರಿ 16, ಭಾನುವಾರ

ಇವತ್ತು ನಕ್ಷತ್ರ ನೋಡಲು ಏಳು ಜನ. ಯಾರೋ ನನ್ನ ನೈಟಿಯನ್ನು ಮಡಚಿ ಕುರ್ಚಿಯ ಮೇಲಿಟ್ಟಿದ್ದಾರೆ. ನಾಚಿಕೆಯಿಂದ ಸತ್ತೆ. ಬಾಗಿಲು ತಟ್ಟುವ ಅಭ್ಯಾಸ ಈ ಮನೆಯಲ್ಲಿ ಯಾರಿಗೂ ಇಲ್ಲವೇ?

ರುದ್ರೇಶನಿಗೆ ಹೇಳಿದೆ. “ಅಮ್ಮಂಗೆ ಖುಷಿ ಕಣೇ, ಬಿಡು.”

“ಹಾಗಾದ್ರೆ ಮಂಚ ಹಾಲ್‌ಗೇ ಹಾಕೋಣ. ಟಿಕೆಟ್ ಇಡೋಣ. ನಾನು ಗೇಟಲ್ಲಿ ಕೂತ್ಕೋತೀನಿ.”

ನಕ್ಕ. ನಕ್ಕ!!

ಫೆಬ್ರವರಿ 20, ಗುರುವಾರ, ಸಂಜೆ 5

ಅತ್ತೆಯ ‘ಅಕ್ಕನ ಬಳಗ’ ಮಹಿಳಾ ಸಂಘದ ವಚನ ಗಾಯನ ನಮ್ಮ ಮನೆಯಲ್ಲಿ. ಹನ್ನೆರಡು ಹೆಂಗಸರು. ಕೊನೆಯ ವಚನ ಮುಗಿಯುವ ಮೊದಲೇ ರೂಮಿಗೆ ಬಂದು ಚಿಲಕ ಹಾಕಿಕೊಂಡೆ. ಹೌದು, ಹಾಕಿಕೊಂಡೆ. ಹಿಡಿಕೆ ತಿರುಗಿತು. ನಿಂತಿತು.

ಹೊರಗೆ ಒಬ್ಬರು ಅತ್ತೆಯನ್ನು ಕೇಳಿದರು, “ಯಾಕ್ರೀ ಮಹಾಂತಮ್ಮ, ನಕ್ಷತ್ರ ತೋರಸ್ತೀನಿ ಅಂದಿದ್ರಿ?”

“ಸೊಸಿಗೆ ಆರಾಮಿಲ್ಲರೀ. ಮಲಗ್ಯಾಳ.”

ಸುಳ್ಳು! ನನಗಾಗಿಯೋ, ತಮ್ಮ ಮಾನಕ್ಕಾಗಿಯೋ?

5.40

ಎಲ್ಲರೂ ಹೋದರು. ಬಾಗಿಲ ಮೇಲೆ ಎರಡು ಸಲ, ಮೆಲ್ಲಗೆ — ಟಕ್ ಟಕ್. ಮೂರು ತಿಂಗಳಲ್ಲಿ ಮೊದಲ ಸಲ.

“ಶಿವಾನಿ, ನಾ ಒಬ್ಬಾಕೀನ ಅದೀನಿ.”

ಕೋಪ ಇಳಿದಿಲ್ಲ.

“ಎಲ್ಲಾರಿಗೂ ಮಲಗ್ರಿ ಮಲಗ್ರಿ ಅಂದೆ. ನಾ ಇನ್ನೂ ಮಲಗಿ ನೋಡಿಲ್ಲವ್ವಾ.”

ನಿಜ. ಪ್ರತಿ ಸಲವೂ ಕರ್ಟನ್ ಹಿಡಿದು ನಿಂತಿದ್ದವರು ಅವರೇ. ಆದರೂ ಕೇಳಿಯೇಬಿಟ್ಟೆ, “ಅತ್ತೆ, ಇದು ಯಾರ ರೂಮು?”

“ನಿಮ್ಮದವ್ವಾ. ... ಒಳಗ ಬರ್ಲೇನು?”

ಕೇಳಿದರು! ಕರ್ಟನ್ ಎಳೆದೆ. ಸ್ವಿಚ್ ಹಾಕಿದೆ. ಇನ್ನು ಚಿಲಕ —